ಇಂಗ್ಲಿಷ್ ಕ್ರಿಯಾಪದದ ನಂತರ ‘ಟು’ ಬರೆಯಬೇಕೆ, ‘ದಟ್’ ಬರೆಯಬೇಕೆ?

ಪ್ರೌಢಶಾಲೆ ಮೇಷ್ಟ್ರು, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವಾರ ಹತ್ತನೆಯ ತರಗತಿಯವರಿಗೆ ತಮ್ಮ ಮುಂದಿನ ಓದಿನ ಬಗ್ಗೆ ಒಂದು ಪುಟ ಬರೆದು ತರಲು ಹೇಳಿದ್ದೆ. ಒಬ್ಬ ಹುಡುಗಿ ಬಹಳ ಶ್ರದ್ಧೆಯಿಂದ ಬರೆದು ತಂದಿದ್ದಳು. ಅವಳ ಮೊದಲ ಸಾಲು ಹೀಗಿತ್ತು: “ಮೈ ಮದರ್ ವಾಂಟ್ಸ್ ದಟ್ ಐ ಶುಡ್ ಬಿಕಮ್ ಎ ನರ್ಸ್.” ನಾನು ಅದನ್ನು “ವಾಂಟ್ಸ್ ಮಿ ಟು ಬಿಕಮ್ ಎ ನರ್ಸ್” ಎಂದು ಕೆಂಪು ಶಾಯಿಯಲ್ಲಿ ತಿದ್ದಿದೆ. ಮುಂದಿನ ಸಾಲು: “ಮೈ ಟೀಚರ್ ಸಜೆಸ್ಟೆಡ್ ಮಿ ಟು ಟೇಕ್ ಸೈನ್ಸ್.” ಅದನ್ನು “ಸಜೆಸ್ಟೆಡ್ ದಟ್ ಐ ಟೇಕ್ ಸೈನ್ಸ್” ಎಂದು ಮಾಡಿದೆ.

ಮರುದಿನ ಅವಳು ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದು, “ಸರ್, ಮೊದಲನೆಯದರಲ್ಲಿ ‘ದಟ್’ ತೆಗೆದು ‘ಟು’ ಹಾಕಿದ್ದೀರಿ, ಎರಡನೆಯದರಲ್ಲಿ ‘ಟು’ ತೆಗೆದು ‘ದಟ್’ ಹಾಕಿದ್ದೀರಿ, ನಿಯಮ ಏನು ಸರ್?” ಎಂದು ಕೇಳಿದಳು. ಅದು ಅವರ ರೂಢಿ, ಹಾಗೆಯೇ ಬರೆಯಬೇಕು ಎಂದು ಹೇಳಿ ಕಳುಹಿಸಿದೆ. ಆ ಉತ್ತರ ನನಗೇ ಸಮಾಧಾನ ಕೊಟ್ಟಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ಇದಕ್ಕೆ ಮಕ್ಕಳಿಗೆ ಅರ್ಥವಾಗುವ ಒಂದು ವಿವರಣೆ ನನ್ನಲ್ಲಿ ಇಲ್ಲವಲ್ಲ ಎಂಬ ನೋವಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಅಧ್ಯಾಪಕಿ, ಮೈಸೂರು

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ, ಮತ್ತು ಅದಕ್ಕೆ ರೂಢಿ ಎಂಬುದಕ್ಕಿಂತ ಸ್ವಲ್ಪ ಹೆಚ್ಚಿನ ಉತ್ತರವಿದೆ. ಉತ್ತರದ ಅರ್ಧ ಭಾಗ ಅವಳ ತಾಯ್ನುಡಿಯಲ್ಲೇ ಇದೆ ಎಂಬುದನ್ನು ಅವಳಿಗೆ ತೋರಿಸಿಕೊಡಬಹುದು.

ಕನ್ನಡದ ಈ ಎರಡು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ: “ಅಜ್ಜಿ ಬರಲು ಹೇಳಿದರು.” “ಅಜ್ಜಿ ಬಂದರು ಎಂದು ಹೇಳಿದರು.” ಎರಡರಲ್ಲೂ ಕ್ರಿಯಾಪದ ‘ಹೇಳು’ ಒಂದೇ. ಮೊದಲನೆಯದರಲ್ಲಿ ಒಂದು ಕೆಲಸ ಆಗಬೇಕಾಗಿದೆ, ಅದು ಇನ್ನೂ ಆಗಿಲ್ಲ, ಅದನ್ನು ನಿಜ ಎಂದೋ ಸುಳ್ಳು ಎಂದೋ ಹೇಳಲು ಬರುವುದಿಲ್ಲ. ಎರಡನೆಯದರಲ್ಲಿ ಒಂದು ಸಂಗತಿಯಿದೆ, ಯಾರಾದರೂ ಅದನ್ನು “ಇಲ್ಲ, ಸುಳ್ಳು” ಎಂದು ಅಲ್ಲಗಳೆಯಬಹುದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಟು’, ಎರಡನೆಯದಕ್ಕೆ ‘ದಟ್’: “ಗ್ರ್ಯಾಂಡ್‌ಮದರ್ ಟೋಲ್ಡ್ ಮಿ ಟು ಕಮ್”, “ದೇ ಟೋಲ್ಡ್ ಮಿ ದಟ್ ಗ್ರ್ಯಾಂಡ್‌ಮದರ್ ಹ್ಯಾಡ್ ಕಮ್”. 

‘ಮರೆ’ ಎಂಬ ಕ್ರಿಯಾಪದ ಇನ್ನೂ ಚೆನ್ನಾಗಿ ಹೊಂದುತ್ತದೆ. “ಐ ಫರ್ಗಾಟ್ ಟು ಲಾಕ್ ದಿ ಡೋರ್” ಎಂದರೆ ಬಾಗಿಲಿಗೆ ಬೀಗ ಹಾಕಲು ಮರೆತೆ, ಮನೆ ಈಗ ತೆರೆದೇ ಇದೆ. “ಐ ಫರ್ಗಾಟ್ ದಟ್ ಐ ಹ್ಯಾಡ್ ಲಾಕ್ಡ್ ದಿ ಡೋರ್” ಎಂದರೆ ಬೀಗ ಹಾಕಿದ್ದೇನೆ ಎಂಬುದನ್ನೇ ಮರೆತೆ, ಬಸ್ ಸ್ಟ್ಯಾಂಡಿನವರೆಗೆ ಹೋದವಳು ಸುಮ್ಮನೆ ಮನೆಗೆ ವಾಪಸು ಬಂದೆ. ಒಂದರಲ್ಲಿ ಬೀಗ ಬಿದ್ದಿಲ್ಲ, ಇನ್ನೊಂದರಲ್ಲಿ ಬಿದ್ದಿದೆ. ‘ರಿಮೈಂಡ್’ ಕೂಡ ಹಾಗೆಯೇ: ಬಿಲ್ ಕಟ್ಟಲು ನೆನಪಿಸುವುದು ‘ಟು’, ಬಿಲ್ ಕಟ್ಟಿಯಾಗಿದೆ ಎಂದು ನೆನಪಿಸುವುದು ‘ದಟ್’. ‘ಪರ್ಸ್ವೇಡ್’ ಎಂಬುದು ಒಬ್ಬರನ್ನು ಒಪ್ಪಿಸಿ ಕೆಲಸಕ್ಕೆ ಹಚ್ಚುವಾಗ ‘ಟು’ ತೆಗೆದುಕೊಳ್ಳುತ್ತದೆ, ಒಂದು ಮಾತನ್ನು ನಂಬಿಸುವಾಗ ‘ದಟ್’ ತೆಗೆದುಕೊಳ್ಳುತ್ತದೆ. 

ಈ ಭೇದ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತು, ಮಾತು ಕಲಿತ ಮಗು ‘ಬರಲು ಹೇಳಿದರು’ ಎಂಬುದನ್ನು ‘ಬಂದರೆಂದು ಹೇಳಿದರು’ ಎಂಬುದರ ಜೊತೆ ಎಂದೂ ಬೆರೆಸುವುದಿಲ್ಲ. ಆದ್ದರಿಂದ ‘ವಾಂಟ್’ ನಂತರ ‘ಟು’ ಬರುವುದು ಸಹಜ, ತಾಯಿಯ ಆಸೆ ಇನ್ನೂ ಆಗದ ಕೆಲಸದ ಮೇಲಿದೆ.

ಕರಡು ತಿದ್ದುವವರು, ಬೆಂಗಳೂರು

ಮೇಡಂ ಹೇಳಿದ್ದು ಬಹುಮಟ್ಟಿಗೆ ಸರಿ. ಆದರೆ ಮೇಷ್ಟ್ರು ಕೊಟ್ಟ ಎರಡನೆಯ ವಾಕ್ಯಕ್ಕೇ ಅದು ಒಗ್ಗುವುದಿಲ್ಲವಲ್ಲ! ವಿಜ್ಞಾನ ತೆಗೆದುಕೊಳ್ಳುವುದೂ ಇನ್ನೂ ಆಗದ ಕೆಲಸವೇ. ಹಾಗಿದ್ದರೂ ‘ಸಜೆಸ್ಟ್’ ನಂತರ ‘ದಟ್’ ಬರುತ್ತದೆ, ‘ಮಿ ಟು’ ಬರುವುದಿಲ್ಲ. ‘ಹೋಪ್’ ತೆಗೆದುಕೊಳ್ಳಿ. “ಐ ಹೋಪ್ ಟು ಪಾಸ್” ಸರಿ, “ಐ ಹೋಪ್ ದಟ್ ಯು ವಿಲ್ ಪಾಸ್” ಸರಿ, “ಐ ಹೋಪ್ ಯು ಟು ಪಾಸ್” ಮಾತ್ರ ತಪ್ಪು. ಅದರ ಪಕ್ಕದಲ್ಲೇ ಇರುವ ‘ಎಕ್ಸ್‌ಪೆಕ್ಟ್’ ಈ ಮೂರನ್ನೂ ಒಪ್ಪುತ್ತದೆ. ಆಶಿಸುವುದಕ್ಕೂ ನಿರೀಕ್ಷಿಸುವುದಕ್ಕೂ ಇರುವ ಅರ್ಥವ್ಯತ್ಯಾಸದಿಂದ ಇದನ್ನು ವಿವರಿಸಲು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಇದೇ ಕಷ್ಟವನ್ನು ಕಂಡವರು. 1942ರಲ್ಲಿ ಜಪಾನಿನಲ್ಲಿ ಪ್ರಕಟವಾಗಿ 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂದ ಅವರ ನಿಘಂಟು ಇಂಗ್ಲಿಷ್ ಕ್ರಿಯಾಪದಗಳ ಬಳಕೆಯನ್ನು 25 ಮಾದರಿಗಳಾಗಿ ವಿಂಗಡಿಸಿ, ಯಾವ ಕ್ರಿಯಾಪದ ಯಾವ ಮಾದರಿಯಲ್ಲಿ ಬರುತ್ತದೆ ಎಂಬುದನ್ನು ಆಯಾ ಪದದ ಜೊತೆಯಲ್ಲೇ ಸೂಚಿಸಿತು. ಕಲಿಯುವವರಿಗಾಗಿ ಇಂದು ಬರುತ್ತಿರುವ ನಿಘಂಟುಗಳಲ್ಲಿ ಅರ್ಥದ ಪಕ್ಕದಲ್ಲೇ ಬಳಕೆಯ ಮಾದರಿ ಕೊಡುವ ಪದ್ಧತಿಗೆ ಅದು ದಾರಿ ಮಾಡಿತು. ಪ್ರತಿ ಕ್ರಿಯಾಪದವನ್ನೂ ಅದರ ಮಾದರಿಯೊಂದಿಗೇ ಕಲಿಯಬೇಕು, ಬೇರೆ ದಾರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಸಜೆಸ್ಟ್’ ಎಂಬ ಪದದ ಅರ್ಥ ಕಲಿತು ಬಳಕೆ ಕಲಿಯದಿದ್ದರೆ ಆ ಪದವನ್ನು ಕಲಿತಂತೆ ಅಲ್ಲ.

ಮ್ಯೂನಿಕ್ ಕನ್ನಡಿಗ

ನಾನು ಜರ್ಮನಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿನ ಸಹೋದ್ಯೋಗಿಗಳ ಇಂಗ್ಲಿಷ್ ಕೇಳಿದಾಗ ನನಗೆ ಊರಿನ ನೆನಪಾಗುತ್ತದೆ, ಏಕೆಂದರೆ ಅವರೂ ಸಭೆಯಲ್ಲಿ “ಐ ವಾಂಟ್ ದಟ್ ಯು ಚೆಕ್ ದಿಸ್” ಎಂದೇ ಹೇಳುತ್ತಾರೆ. ಜರ್ಮನ್ ಭಾಷೆಯಲ್ಲಿ “ಇಖ್ ವಿಲ್, ದಾಸ್ ದು ಕೊಮ್‌ಸ್ಟ್” ಎಂಬುದು ಸರಿಯಾದ ವಾಕ್ಯ. ಅದರ ‘ದಾಸ್’ ಎಂಬುದು ಇಂಗ್ಲಿಷಿನ ‘ದಟ್’ಗೆ ನೇರ ಸಂಬಂಧಿ. ಫ್ರೆಂಚರು, ಸ್ಪ್ಯಾನಿಷರು ಕೂಡ ಇನ್ನೊಬ್ಬರ ಕೆಲಸವನ್ನು ಬಯಸುವಾಗ ಇಂಥ ಉಪವಾಕ್ಯವನ್ನೇ ಬಳಸುತ್ತಾರೆ. ಹಿಂದಿಯಲ್ಲಿ “ಮೈಂ ಚಾಹತಾ ಹೂಂ ಕಿ ತುಮ್ ಆವೋ” ಎನ್ನುವುದು ಎಲ್ಲರಿಗೂ ಗೊತ್ತು. ಕನ್ನಡದಲ್ಲಿ “ನೀನು ಬರಬೇಕೆಂದು ಬಯಸುತ್ತೇನೆ” ಎನ್ನುತ್ತೇವೆ.

‘ಸಜೆಸ್ಟ್’ ವಿಷಯದಲ್ಲೂ ಹಾಗೆಯೇ. ಜರ್ಮನ್ನಿನಲ್ಲಿ ಸಲಹೆ ಕೊಡುವ ಕ್ರಿಯಾಪದವು ‘ನನಗೆ’ ಎಂಬುದನ್ನೂ ಅವರ ‘ಟು’ ರೂಪವನ್ನೂ ಜೊತೆಗೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಅವರೂ “ಸಜೆಸ್ಟೆಡ್ ಮಿ ಟು ಗೋ” ಎಂದು ತಪ್ಪುತ್ತಾರೆ. ಆ ಹುಡುಗಿಗೆ ಹೇಳಿ ಮೇಷ್ಟ್ರೇ, ಅವಳ ಎರಡೂ ತಪ್ಪುಗಳನ್ನು ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಮಾಡಿದ ಜರ್ಮನರೂ ದಿನನಿತ್ಯ ಮಾಡುತ್ತಾರೆ. ಇಲ್ಲಿ ಉಳಿದವರಿಂದ ಬೇರೆಯಾಗಿ ನಡೆಯುತ್ತಿರುವುದು ಇಂಗ್ಲಿಷ್.

ಪ್ರೌಢಶಾಲೆ ಮೇಷ್ಟ್ರು, ಹಾಸನ ಜಿಲ್ಲೆ

ಎಲ್ಲರಿಗೂ ಧನ್ಯವಾದ. ಮೇಡಂ ಅವರ ‘ಬರಲು ಹೇಳಿದರು, ಬಂದರೆಂದು ಹೇಳಿದರು’ ಎಂಬ ಜೋಡಿ ನನಗೆ ಬಹಳ ಹಿಡಿಸಿತು, ಇಷ್ಟು ವರ್ಷ ಹೊಳೆಯಲಿಲ್ಲ. ಆದರೆ ಕರಡು ತಿದ್ದುವವರು ಎತ್ತಿದ ಆಕ್ಷೇಪ ನನ್ನದೂ ಹೌದು. ‘ಸಜೆಸ್ಟ್’ ಅನ್ನು ಅಪವಾದ ಎಂದು ಬಿಟ್ಟುಬಿಡುವುದೇ, ಅಥವಾ ಅದಕ್ಕೂ ಒಂದು ಒಳಗಾರಣ ಇದೆಯೇ?

ವಕೀಲರ ಕಚೇರಿ ಅನುವಾದಕಿ

‘ಸಜೆಸ್ಟ್’ಗೆ ಉತ್ತರ ಮೇಡಂ ಕೊಡಲಿ. ಈ ಆಯ್ಕೆ ಎಷ್ಟು ಭಾರದ್ದು ಎಂಬುದಕ್ಕೆ ನನ್ನ ಮೇಜಿನ ಮೇಲೆ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ಬಾಡಿಗೆ ಬಾಕಿಯ ವ್ಯಾಜ್ಯವೊಂದರಲ್ಲಿ ಕನ್ನಡದ ಹೇಳಿಕೆಯನ್ನು ಇಂಗ್ಲಿಷಿಗೆ ತರಬೇಕಾಗಿತ್ತು. ಮೂಲದಲ್ಲಿ “ಬಾಕಿ ಬಾಡಿಗೆಯನ್ನು ಕೊಡಬೇಕೆಂದು ಪ್ರತಿವಾದಿಯು ಒಪ್ಪಿಕೊಂಡಿದ್ದಾರೆ” ಎಂದಿತ್ತು. ನಾನು ಹೆಚ್ಚು ಯೋಚಿಸದೆ “ದಿ ಡಿಫೆಂಡೆಂಟ್ ಹ್ಯಾಸ್ ಅಗ್ರೀಡ್ ಟು ಪೇ ದಿ ಅರಿಯರ್ಸ್ ಆಫ್ ರೆಂಟ್” ಎಂದು ಟೈಪ್ ಮಾಡಿ ಹಿರಿಯ ವಕೀಲರ ಮುಂದಿಟ್ಟೆ. ಅವರು ಪೆನ್ಸಿಲಿನಿಂದ ‘ಟು’ ಎಂಬ ಎರಡಕ್ಷರದ ಕೆಳಗೆ ಗೆರೆ ಎಳೆದು, “ಕೊಡುತ್ತೇನೆ ಎಂದು ಅವನು ಎಲ್ಲಮ್ಮಾ ಹೇಳಿದ್ದಾನೆ?” ಎಂದು ಕೇಳಿದರು. ಕಡತ ತೆಗೆದು ಪೂರ್ತಿ ಓದಿದೆ. ಬಾಕಿ ಇದೆ ಎಂಬುದನ್ನು ಬಾಡಿಗೆದಾರ ಒಪ್ಪಿದ್ದ, ಅದನ್ನು ತಾನು ಕೊಟ್ಟಿರುವ ಮುಂಗಡದಲ್ಲಿ ಮುರಿದುಕೊಳ್ಳಬೇಕು ಎಂಬುದು ಅವನ ವಾದ. ಕೈಯಿಂದ ಹಣ ಕೊಡಲು ಅವನು ಒಪ್ಪಿರಲಿಲ್ಲ. ಸರಿಯಾದ ಅನುವಾದ “ಹ್ಯಾಸ್ ಅಗ್ರೀಡ್ ದಟ್ ದಿ ಅರಿಯರ್ಸ್ ಆಫ್ ರೆಂಟ್ ಆರ್ ಪೇಯಬಲ್” ಎಂಬುದಾಗಿತ್ತು.

ನಮ್ಮ ‘ಕೊಡಬೇಕೆಂದು ಒಪ್ಪಿಕೊಂಡರು’ ಎಂಬ ಮಾತು ಎರಡು ಅರ್ಥಕ್ಕೂ ಬಾಗಿಲು ತೆರೆದಿಡುತ್ತದೆ. ಬಾಧ್ಯತೆ ಇದೆ ಎಂಬ ಸಂಗತಿಯನ್ನು ಒಪ್ಪಿದರೂ ಅದೇ ಮಾತು, ಕೊಡಲು ಸಿದ್ಧರಾದರೂ ಅದೇ ಮಾತು. ‘ಅಗ್ರೀ’ ಎಂಬ ಇಂಗ್ಲಿಷ್ ಕ್ರಿಯಾಪದ ಅಲ್ಲಿ ಕವಲೊಡೆಯುತ್ತದೆ: ‘ಟು’ ಬಂದರೆ ವಾಗ್ದಾನ, ‘ದಟ್’ ಬಂದರೆ ಬಹುತೇಕ ಒಂದು ಸಂಗತಿಯ ಅಂಗೀಕಾರ. ಅಂದಿನಿಂದ ‘ಬೇಕೆಂದು’ ಎಂಬ ಪದ ಕಂಡಲ್ಲೆಲ್ಲ ನಾನು ಕೈ ನಿಲ್ಲಿಸಿ, ಇದು ‘ಕೊಡಲು ಒಪ್ಪಿದರು’ ಎಂದಾಗುತ್ತದೆಯೋ ಇಲ್ಲವೋ ಎಂದು ಕನ್ನಡದಲ್ಲೇ ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಇಂಗ್ಲಿಷಿಗೆ ಹೋಗುತ್ತೇನೆ.

ನಿವೃತ್ತ ಅಧ್ಯಾಪಕಿ, ಮೈಸೂರು

ಅನುವಾದಕಿಯವರೇ, ನಿಮ್ಮ ಪರೀಕ್ಷೆ ಬಹಳ ಬೆಲೆಯುಳ್ಳದ್ದು, ಅದನ್ನು ಮಕ್ಕಳಿಗೂ ಕೊಡಬಹುದು.

ಈಗ ‘ಸಜೆಸ್ಟ್’ ವಿಷಯಕ್ಕೆ ಬರುತ್ತೇನೆ. ಕರಡು ತಿದ್ದುವವರ ಆಕ್ಷೇಪ ನ್ಯಾಯವಾದದ್ದು. ನಾನು ಎರಡೇ ಮನೆ ತೋರಿಸಿದ್ದೆ, ಮೂರನೆಯದನ್ನು ಹೇಳಲು ಮರೆತಿದ್ದೆ. ಮೇಷ್ಟ್ರು ತಿದ್ದಿದ ವಾಕ್ಯವನ್ನು ‘ಐ’ ಬದಲು ‘ಹಿ’ ಹಾಕಿ ನೋಡಿ: “ದಿ ಟೀಚರ್ ಸಜೆಸ್ಟೆಡ್ ದಟ್ ಹಿ ಟೇಕ್ ಸೈನ್ಸ್.” ‘ಟೇಕ್ಸ್’ ಅಲ್ಲ, ‘ಟುಕ್’ ಅಲ್ಲ, ಬರಿಯ ‘ಟೇಕ್’. ‘ಹಿ’ ಜೊತೆಗೆ ಬರಬೇಕಾದ ‘ಸ್’ ಅಲ್ಲಿಲ್ಲ, ಕಾಲವೂ ಇಲ್ಲ. ಅಂದರೆ ‘ದಟ್’ ಒಳಗೇ ಇದ್ದರೂ ಇದು ಸಂಗತಿಯಲ್ಲ, ಇನ್ನೂ ಆಗಬೇಕಾದ ಕೆಲಸ ಎಂಬುದನ್ನು ಇಂಗ್ಲಿಷ್ ಆ ಬರಿಯ ರೂಪದಿಂದ ತೋರಿಸುತ್ತದೆ. ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆ? “ಅವನು ವಿಜ್ಞಾನ ತೆಗೆದುಕೊಳ್ಳಲಿ ಎಂದು ಮೇಷ್ಟ್ರು ಸೂಚಿಸಿದರು.” ‘ಲಿ’ ಎಂಬ ಪ್ರತ್ಯಯ ನಮ್ಮಲ್ಲಿ ಮಾಡುವ ಕೆಲಸವನ್ನು ಅಲ್ಲಿ ಆ ಬರಿಯ ಕ್ರಿಯಾರೂಪ ಮಾಡುತ್ತದೆ.

ಹೀಗೆ ಕನ್ನಡದಲ್ಲಿ ‘ಹೋಗಲು’, ‘ಹೋಗಲಿ ಎಂದು’, ‘ಹೋದರು ಎಂದು’ ಎಂಬ ಮೂರು ಇವೆ. ಇಂಗ್ಲಿಷಿನಲ್ಲಿ ‘ಟು ಗೋ’, ‘ದಟ್ ಹಿ ಗೋ’, ‘ದಟ್ ಹಿ ವೆಂಟ್’ ಎಂಬ ಮೂರು ಇವೆ. ‘ಸಜೆಸ್ಟ್’, ‘ರೆಕಮೆಂಡ್’, ‘ಪ್ರೊಪೋಸ್’, ‘ಡಿಮ್ಯಾಂಡ್’, ‘ಇನ್ಸಿಸ್ಟ್’ ಇವೆಲ್ಲ ನಡುವಿನ ಮನೆಯವು.

‘ಸಜೆಸ್ಟೆಡ್ ಮಿ’ ಏಕೆ ಬರುವುದಿಲ್ಲ ಎಂಬುದಕ್ಕೂ ಒಂದು ಮಾತು ಹೇಳಬಹುದು. ‘ಪರ್ಸ್ವೇಡ್’, ‘ಅಡ್ವೈಸ್’, ‘ಟೆಲ್’ ಇವುಗಳ ಕರ್ಮ ಒಬ್ಬ ವ್ಯಕ್ತಿ, ಆ ವ್ಯಕ್ತಿಯನ್ನು ಕೆಲಸದ ಕಡೆಗೆ ತಿರುಗಿಸುತ್ತೇವೆ. ‘ಸಜೆಸ್ಟ್’ ಎಂಬುದರ ಕರ್ಮ ಒಂದು ಯೋಚನೆ, ಅದನ್ನು ಎದುರಿಗಿದ್ದವರ ಮುಂದೆ ಇಡುತ್ತೇವೆ. ಆದ್ದರಿಂದ ವ್ಯಕ್ತಿಯನ್ನು ಹೇಳಲೇಬೇಕೆಂದಿದ್ದರೆ “ಸಜೆಸ್ಟೆಡ್ ಟು ಮಿ ದಟ್” ಎನ್ನಬೇಕು. ‘ಎಕ್ಸ್‌ಪ್ಲೇನ್’ ಕೂಡ ಇದೇ ಜಾತಿಯದು, ‘ಎಕ್ಸ್‌ಪ್ಲೇನ್ಡ್ ಮಿ’ ಎಂಬುದು ಸರಿಯಲ್ಲ. ಮಕ್ಕಳಿಗೆ ‘ಸಲಹೆ ಕೊಟ್ಟರು’ ಎಂದು ಬರೆಯಬೇಕಾದಾಗ ‘ಅಡ್ವೈಸ್ಡ್ ಮಿ ಟು’ ಬಳಸಲು ಹೇಳಿ. ನಮ್ಮ ‘ನನಗೆ ಸಲಹೆ ಕೊಟ್ಟರು’ ಎಂಬುದಕ್ಕೆ ಅದೇ ಹತ್ತಿರ, ತಪ್ಪುವ ಸಂಭವವೂ ಕಡಿಮೆ.

ಕರಡು ತಿದ್ದುವವರು, ಬೆಂಗಳೂರು

‘ಲಿ ಎಂದು’ ಎಂಬ ಹೋಲಿಕೆ ನನಗೆ ಹೊಸದು ಮೇಡಂ, ಮತ್ತು ಅದು ನನ್ನ ಕೆಲಸಕ್ಕೆ ನೇರವಾಗಿ ಬರುತ್ತದೆ. ‘ಇನ್ಸಿಸ್ಟ್’ ಎಂಬ ಕ್ರಿಯಾಪದದಲ್ಲಿ ಈ ಬರಿಯ ರೂಪ ತಪ್ಪಿದರೆ ಅರ್ಥವೇ ತಿರುಗಿಬೀಳುವುದನ್ನು ನಾನು ಸುದ್ದಿಯ ಕರಡುಗಳಲ್ಲಿ ನೋಡಿದ್ದೇನೆ. “ದೇ ಇನ್ಸಿಸ್ಟೆಡ್ ದಟ್ ದಿ ಎಂಜಿನಿಯರ್ ಬಿ ಪ್ರೆಸೆಂಟ್” ಎಂದರೆ ಎಂಜಿನಿಯರ್ ಹಾಜರಿರಲಿ ಎಂದು ಪಟ್ಟು ಹಿಡಿದರು. “ದೇ ಇನ್ಸಿಸ್ಟೆಡ್ ದಟ್ ದಿ ಎಂಜಿನಿಯರ್ ವಾಸ್ ಪ್ರೆಸೆಂಟ್” ಎಂದರೆ ಎಂಜಿನಿಯರ್ ಹಾಜರಿದ್ದರು ಎಂದು ಖಡಾಖಂಡಿತವಾಗಿ ಹೇಳಿದರು. ‘ಬಿ’ ಮತ್ತು ‘ವಾಸ್’ ನಡುವೆ ಒಂದು ಬೇಡಿಕೆಗೂ ಒಂದು ಸಾಕ್ಷ್ಯಕ್ಕೂ ಇರುವಷ್ಟು ದೂರವಿದೆ. ‘ಸಜೆಸ್ಟ್’ ಕೂಡ ಎರಡು ಕಡೆ ಇರುತ್ತದೆ: ವರದಿಯೊಂದು ಸೇತುವೆ ದುರ್ಬಲವಾಗಿದೆ ಎಂದು ಸೂಚಿಸಿದರೆ ‘ದಟ್ ದಿ ಬ್ರಿಜ್ ಈಸ್ ವೀಕ್’, ಸೇತುವೆಯನ್ನು ಮುಚ್ಚಲಿ ಎಂದು ಸೂಚಿಸಿದರೆ ‘ದಟ್ ದಿ ಬ್ರಿಜ್ ಬಿ ಕ್ಲೋಸ್ಡ್’.

ಈ ಬರಿಯ ರೂಪ ಅಮೆರಿಕದ ಬರವಣಿಗೆಯಲ್ಲಿ ಹೆಚ್ಚು. ಬ್ರಿಟಿಷರು ‘ದಟ್ ದಿ ಬ್ರಿಜ್ ಶುಡ್ ಬಿ ಕ್ಲೋಸ್ಡ್’ ಎಂದು ‘ಶುಡ್’ ಸೇರಿಸುವುದೂ ಸಾಮಾನ್ಯ. ನಮ್ಮ ಶಾಲೆಗಳಲ್ಲಿ ‘ಶುಡ್’ ಇರುವ ರೂಪವನ್ನೇ ಕಲಿಸಿದರೆ ಮಕ್ಕಳಿಗೆ ಸುಲಭ, ‘ಮುಚ್ಚಬೇಕು ಎಂದು’ ಎಂಬ ಮಾತಿಗೆ ಅದು ಹತ್ತಿರವೂ ಹೌದು. ಹುಡುಗಿ ‘ವಾಂಟ್ಸ್ ದಟ್ ಐ ಶುಡ್’ ಎಂದು ಬರೆದದ್ದೂ ಇಲ್ಲಿಂದಲೇ ಬಂದಿರಬೇಕು. ‘ಸಜೆಸ್ಟ್’ಗೆ ಸರಿಹೊಂದುವ ಅಂಗಿಯನ್ನು ಅವಳು ‘ವಾಂಟ್’ಗೆ ತೊಡಿಸಿದ್ದಾಳೆ.

ಆದರೂ ನನ್ನ ಮಾತನ್ನು ಪೂರ್ತಿ ಬಿಡಲಾರೆ. “ಅವನು ಬರಲಿ ಎಂದು ಆಶಿಸುತ್ತೇನೆ” ಎಂಬಲ್ಲಿ ನಮಗೆ ‘ಲಿ’ ಇದೆ, ಇಂಗ್ಲಿಷಿನ ‘ಹೋಪ್’ ನಂತರ ಬರಿಯ ‘ಹಿ ಕಮ್’ ಬರುವುದಿಲ್ಲ, ‘ಹಿ ಕಮ್ಸ್’ ಅಥವಾ ‘ಹಿ ವಿಲ್ ಕಮ್’ ಬರುತ್ತದೆ. ‘ವಿಶ್’ ನಂತರ ಭೂತಕಾಲವೇ ಬಂದುಬಿಡುತ್ತದೆ: “ಐ ವಿಶ್ ಹಿ ವರ್ ಹಿಯರ್.” ಆದ್ದರಿಂದ ಮೂರು ಮನೆಗಳನ್ನು ಅರ್ಥದಿಂದ ಕಲಿಸಬಹುದು, ಯಾವ ಕ್ರಿಯಾಪದ ಯಾವ ಮನೆಯಲ್ಲಿ ವಾಸವಾಗಿದೆ ಎಂಬುದನ್ನು ಒಂದೊಂದಾಗಿಯೇ ಕಲಿಯಬೇಕು.

ನಿವೃತ್ತ ಅಧ್ಯಾಪಕಿ, ಮೈಸೂರು

ನೀವು ಹೇಳಿದ್ದನ್ನು ಒಪ್ಪುತ್ತೇನೆ, ಅದರಲ್ಲಿ ನನ್ನ ತಕರಾರಿಲ್ಲ.

ಮೂರು ಮನೆಗಳ ಬಾಗಿಲಲ್ಲಿ ನಿಂತಿರುವ ಪದಗಳ ಮೂಲವನ್ನು ಹೇಳಿದರೆ ಮಕ್ಕಳಿಗೆ ಆಸಕ್ತಿ ಹುಟ್ಟುತ್ತದೆ. ಇಂಗ್ಲಿಷಿನ ಈ ‘ಟು’ ಮೊದಲು ‘ಕಡೆಗೆ’ ಎಂಬ ಅರ್ಥದ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ನಂತರ ಬರುವ ಕ್ರಿಯಾರೂಪಕ್ಕೆ ನಮ್ಮ ಚತುರ್ಥಿಯಂಥ ವಿಭಕ್ತಿಯೂ ಹತ್ತುತ್ತಿತ್ತು. ನಮ್ಮ ‘ಮಾಡಲಿಕ್ಕೆ’, ಆಡುಮಾತಿನ ‘ಮಾಡೋಕೆ’ ಎಂಬವುಗಳ ಕೊನೆಯಲ್ಲಿರುವುದೂ ಚತುರ್ಥಿಯ ‘ಕ್ಕೆ’, ‘ಕೆ’ಯೇ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಮುಂದೆ ಆಗಬೇಕಾದ ಕೆಲಸವನ್ನು ತೋರಿಸಲು ‘ಅದರ ಕಡೆಗೆ’ ಎಂಬ ಒಂದೇ ಸನ್ನೆಯನ್ನು ಬಳಸಿಕೊಂಡಿವೆ.

‘ದಟ್’ ಹಾಗಲ್ಲ. ಅದು ಮೂಲದಲ್ಲಿ ‘ಅದು’ ಎಂಬ ಬೆರಳು ತೋರುವ ಪದ, “ನನಗೆ ಅದು ಗೊತ್ತು: ಅವನು ಬಂದ” ಎಂಬಂತೆ. ನಮ್ಮ ‘ಎಂದು’ ಬೇರೆ ದಾರಿಯಿಂದ ಬಂದದ್ದು, ಅದು ‘ಎನ್ನು’ ಧಾತುವಿನಿಂದ ಆದ ರೂಪ, ಅದರ ಅರ್ಥ ‘ಹೇಳಿ’. ‘ಎಂದು’ ತನ್ನ ಹಿಂದೆ ಒಬ್ಬರ ಮಾತನ್ನು ಇದ್ದಹಾಗೇ ಹೊತ್ತು ತರಬಲ್ಲದು. ಆದ್ದರಿಂದಲೇ “ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ” ಎಂಬಲ್ಲಿ ‘ನಾನು’ ಎಂದರೆ ರವಿ. ಇದನ್ನು ಹಾಗೆಯೇ ದಾಟಿಸಿದಾಗ “ರವಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ” ಎಂದಾಗಿ, ಬರುವವರು ಬರೆದವರೇ ಎಂಬ ಅರ್ಥ ಬಂದುಬಿಡುತ್ತದೆ. ‘ದಟ್’ ಒಳಗೆ ಎಲ್ಲವನ್ನೂ ಈಗ ಮಾತನಾಡುತ್ತಿರುವವರ ನೆಲೆಯಿಂದಲೇ ಹೇಳಬೇಕು.

‘ವಾಂಟ್’ ಎಂಬುದು ಹಳೆಯ ನಾರ್ಸ್ ಭಾಷೆಯಿಂದ ‘ಕೊರತೆ’ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಬಂದದ್ದು. 1611ರ ಇಂಗ್ಲಿಷ್ ಬೈಬಲಿನ 23ನೆಯ ಕೀರ್ತನೆಯ “ಐ ಷಲ್ ನಾಟ್ ವಾಂಟ್” ಎಂಬಲ್ಲಿ ಅದರ ಅರ್ಥ ‘ನನಗೆ ಕೊರತೆಯಾಗದು’ ಎಂದು, ‘ನನಗೆ ಬೇಡ’ ಎಂದಲ್ಲ. ಬಯಕೆಯ ಅರ್ಥ ಅದಕ್ಕೆ ಆಮೇಲೆ ಬಲವಾಯಿತು.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. “ಟೋಲ್ಡ್ ದಟ್” ಎಂಬುದನ್ನು ನಾನೇ ಎಷ್ಟು ಮೇಲ್‌ಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ‘ಟೆಲ್’ ಬಂದರೆ ಯಾರಿಗೆ ಎಂಬುದು ತಕ್ಷಣ ಬರಬೇಕು, ಇಲ್ಲವಾದರೆ ‘ಸೇ’ ಬಳಸಬೇಕು ಎಂದು ನನ್ನ ಮೇಲ್ವಿಚಾರಕರು ಹೇಳಿದ ಮೇಲೆ ಗೊತ್ತಾಯಿತು. ಕನ್ನಡದಲ್ಲಿ ಎರಡಕ್ಕೂ ‘ಹೇಳು’ ಒಂದೇ ಆದ್ದರಿಂದ ನಮಗೆ ಆ ಗೆರೆ ಕಾಣುವುದಿಲ್ಲ.

ನನ್ನದೊಂದು ಪ್ರಶ್ನೆ. “ಐ ನೋ ಟು ಡ್ರೈವ್” ಎಂದು ಸಂದರ್ಶನದಲ್ಲಿ ಹೇಳಿದಾಗ ಎದುರಿಗಿದ್ದವರು “ನೋ ಹೌ ಟು ಡ್ರೈವ್” ಎಂದು ತಿದ್ದಿದರು. “ಐ ಲರ್ನ್ಡ್ ಟು ಡ್ರೈವ್” ಸರಿಯಾದರೆ “ನೋ ಟು ಡ್ರೈವ್” ಏಕೆ ತಪ್ಪು?

ಕರಡು ತಿದ್ದುವವರು, ಬೆಂಗಳೂರು

ಕಲಿಯುವುದು ಒಂದು ಕೆಲಸದ ಕಡೆಗೆ ಸಾಗುವುದು, ಆದ್ದರಿಂದ ‘ಲರ್ನ್’ಗೆ ‘ಟು’ ಒಗ್ಗುತ್ತದೆ. ‘ನೋ’ ಎಂಬುದು ತಿಳಿವಳಿಕೆಯ ಕ್ರಿಯಾಪದ, ಅದಕ್ಕೆ ಒಂದು ಸಂಗತಿ ಬೇಕು, ಇಲ್ಲವೇ ಒಂದು ವಿಧಾನ ಬೇಕು. ‘ಹೌ’ ಎಂಬ ಪದ ಆ ವಿಧಾನವನ್ನು ಒದಗಿಸುತ್ತದೆ. “ನನಗೆ ಕಾರು ಓಡಿಸಲು ಗೊತ್ತು” ಎಂಬುದು ಕನ್ನಡದಲ್ಲಿ ಸಲೀಸಾಗಿ ನಡೆಯುವುದರಿಂದ ನಾವು ‘ಹೌ’ ಬಿಟ್ಟುಬಿಡುತ್ತೇವೆ. “ಓಡಿಸುವುದು ಹೇಗೆಂದು ಗೊತ್ತು” ಎಂದುಕೊಂಡರೆ ‘ಹೌ’ ತಾನಾಗಿ ಬರುತ್ತದೆ. ‘ಲರ್ನ್’ ನಂತರ ‘ದಟ್’ ಬಂದರೆ ಅರ್ಥ ಬೇರೆಯಾಗುತ್ತದೆ ಎಂಬುದು ಗಮನದಲ್ಲಿರಲಿ: ‘ಲರ್ನ್ಡ್ ದಟ್’ ಎಂದರೆ ಕಲಿತೆ ಎಂದಲ್ಲ, ತಿಳಿದುಬಂತು ಎಂದು.

ವಕೀಲರ ಕಚೇರಿ ಅನುವಾದಕಿ

‘ಸೇ’ ಎಂಬ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. “ದೇ ಸೇ ದಟ್ ಹಿ ಓನ್ಸ್ ದಿ ಲ್ಯಾಂಡ್” ಎನ್ನಬಹುದು, “ದೇ ಸೇ ಹಿಮ್ ಟು ಓನ್” ಎನ್ನಲು ಬರುವುದಿಲ್ಲ. ಆದರೆ ಕರ್ಮಣಿ ಪ್ರಯೋಗದಲ್ಲಿ “ಹಿ ಈಸ್ ಸೆಡ್ ಟು ಓನ್ ದಿ ಲ್ಯಾಂಡ್” ಸರಿ. ಕನ್ನಡದಲ್ಲಿ ಇಷ್ಟನ್ನೂ ‘ಅಂತೆ’ ಎಂಬ ಒಂದೇ ಪ್ರತ್ಯಯ ಮುಗಿಸುತ್ತದೆ: “ಜಮೀನು ಅವರದಂತೆ.” ಹೇಳಿಕೆಗಳಲ್ಲಿ ಆ ‘ಅಂತೆ’ ಕಂಡಾಗ ನಾನು ‘ಈಸ್ ಸೆಡ್ ಟು’ ಬರೆಯುತ್ತೇನೆ. ಅದನ್ನು ಬಿಟ್ಟು ಸುಮ್ಮನೆ ‘ಹಿ ಓನ್ಸ್’ ಎಂದರೆ ಕೇಳಿದ ಮಾತು ಕಂಡ ಮಾತಾಗಿ ದಾಖಲಾಗುತ್ತದೆ.

ಪ್ರೌಢಶಾಲೆ ಮೇಷ್ಟ್ರು, ಹಾಸನ ಜಿಲ್ಲೆ

ನಿನ್ನೆ ಎರಡು ಪೀರಿಯಡ್ ಇದಕ್ಕೇ ಕೊಟ್ಟೆ. ಹಲಗೆಯ ಮೇಲೆ ‘ಹೋಗಲು’, ‘ಹೋಗಲಿ ಎಂದು’, ‘ಹೋದರು ಎಂದು’ ಎಂದು ಮೂರು ಮನೆ ಬರೆದು, ಇಪ್ಪತ್ತು ಕ್ರಿಯಾಪದಗಳನ್ನು ಚೀಟಿಯಲ್ಲಿ ಕೊಟ್ಟು, ಮಕ್ಕಳೇ ಬಂದು ಯಾವ ಮನೆಗೆ ಸೇರುತ್ತದೋ ಅಲ್ಲಿ ಅಂಟಿಸುವಂತೆ ಮಾಡಿದೆ. ‘ಫರ್ಗೆಟ್’ ಎರಡು ಮನೆಗಳ ನಡುವಿನ ಗೆರೆಯ ಮೇಲೆ ಬಿತ್ತು. ‘ವಾಂಟ್’ ಅನ್ನು ಹೆಚ್ಚಿನವರು ‘ಹೋಗಲಿ ಎಂದು’ ಮನೆಗೇ ಒಯ್ದರು, ಅದನ್ನು ಕೈಹಿಡಿದು ಮೊದಲ ಮನೆಗೆ ತರಬೇಕಾಯಿತು. ಹೀಗೆ ಬೇರೆ ಮನೆಗೆ ಹೋಗಿ ಬಂದ ಪದ ಅವರಿಗೆ ಮರೆಯುವುದಿಲ್ಲ ಎಂಬುದನ್ನು ಕಂಡೆ.

ಆ ಹುಡುಗಿ ಒಂದು ವಿಷಯ ಗಮನಿಸಿದಳು. “ನಾನು ನರ್ಸ್ ಆಗಬೇಕೆಂದು ಅಮ್ಮನಿಗೆ ಆಸೆ” ಎಂಬಲ್ಲಿ ತಾನು ‘ನಾನು’ ಆಗಿದ್ದವಳು, “ವಾಂಟ್ಸ್ ಮಿ ಟು” ಎಂಬಲ್ಲಿ ‘ನನ್ನನ್ನು’ ಆಗಿಬಿಟ್ಟಿದ್ದೇನೆ ಎಂದಳು. ಪಾಠಪುಸ್ತಕದ ಯಾವ ಅಭ್ಯಾಸದಲ್ಲೂ ಈ ಮಾತನ್ನು ನಾನು ಕಂಡಿರಲಿಲ್ಲ. ಕರ್ತೃ ಕರ್ಮವಾಗುವ ಆ ತಿರುವೇ ನಮ್ಮವರಿಗೆ ಕಷ್ಟವಾಗಿರುವುದು ಎಂದು ಈಗ ಅನ್ನಿಸುತ್ತಿದೆ.

ಅವಳು ಪುಟವನ್ನು ಮತ್ತೆ ಬರೆದು ತಂದಿದ್ದಾಳೆ. ಈ ಬಾರಿಯ ಮೊದಲ ಸಾಲು: “ಮೈ ಮದರ್ ವಾಂಟ್ಸ್ ಮಿ ಟು ಬಿಕಮ್ ಎ ನರ್ಸ್, ಬಟ್ ಐ ಹ್ಯಾವ್ ಡಿಸೈಡೆಡ್ ದಟ್ ಐ ವಿಲ್ ಸ್ಟಡಿ ಅಗ್ರಿಕಲ್ಚರ್.” ಕೆಂಪು ಪೆನ್ನು ಎತ್ತುವ ಮುನ್ನ ಕೇಳಿಬಿಡೋಣ ಎಂದು ಬಂದೆ. ‘ಡಿಸೈಡೆಡ್ ಟು ಸ್ಟಡಿ’ ಎಂದು ತಿದ್ದಬೇಕೇ ಮೇಡಂ?

ನಿವೃತ್ತ ಅಧ್ಯಾಪಕಿ, ಮೈಸೂರು

ತಿದ್ದಬೇಡಿ ಮೇಷ್ಟ್ರೇ. ‘ಡಿಸೈಡ್’ ಎರಡನ್ನೂ ಒಪ್ಪುತ್ತದೆ, ಕರ್ತೃ ಒಬ್ಬರೇ ಆಗಿರುವಾಗ ‘ಟು’ ಹೆಚ್ಚು ಬಳಕೆಯಲ್ಲಿದೆ, ಅಷ್ಟೆ. “ಓದಲು ನಿರ್ಧರಿಸಿದ್ದೇನೆ” ಮತ್ತು “ಓದುತ್ತೇನೆ ಎಂದು ನಿರ್ಧರಿಸಿದ್ದೇನೆ” ಎಂಬವುಗಳ ನಡುವೆ ಇರುವಷ್ಟೇ ಅಂತರ. ಎರಡನೆಯದರಲ್ಲಿ ‘ಐ’ ಎಂಬುದು ಎರಡು ಸಲ ಬರುತ್ತದೆ, ಅಮ್ಮನ ಆಸೆಯ ಎದುರು ಅವಳಿಗೆ ಅದು ಬೇಕಾಗಿತ್ತೇನೋ. ಹಾಗೆಯೇ ಇರಲಿ.